ನಂಬಿಕೆಗೆ ತರ್ಕದಿಂದ ವಿನಾಯಿತಿ ಇದೆಯೇ?

ಕ್ರೈಸ್ತ ಸಿದ್ಧಾಂತಗಳ ಬಗ್ಗೆ ಗಂಭೀರವಾಗಿ ಮಾತು ಶುರುವಾದರೆ ಸ್ವಲ್ಪ ಹೊತ್ತಿನಲ್ಲೇ ಯಾರಾದರೂ ಒಬ್ಬರು ‘ಇದು ನಂಬಿಕೆಯ ವಿಷಯ, ಇಲ್ಲಿ ತರ್ಕ ನಡೆಯುವುದಿಲ್ಲ’ ಎಂದು ಹೇಳಿ ಮಾತು ಮುಗಿಸುತ್ತಾರೆ. ದೇವರು ಒಬ್ಬನೇ ಆಗಿದ್ದೂ ತಂದೆ, ಮಗ, ಪವಿತ್ರಾತ್ಮ ಎಂದು ಮೂವರಾಗಿರುವುದು ಹೇಗೆ, ಯೇಸು ಏಕಕಾಲಕ್ಕೆ ಪೂರ್ಣ ದೇವರೂ ಪೂರ್ಣ ಮನುಷ್ಯನೂ ಆಗಿದ್ದುದು ಹೇಗೆ, ಸತ್ಯವೇದದ ಒಂದು ಮಾತು ಇನ್ನೊಂದಕ್ಕೆ ಹೊಂದದಂತೆ ಕಂಡಾಗ ಯಾವುದನ್ನು ಹಿಡಿಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಇದೊಂದೇ ಉತ್ತರ. ಸ್ವಾರಸ್ಯವೆಂದರೆ, ಈ ಮಾತು ವಿಶ್ವಾಸಿಗಳಿಗೆ ಎಷ್ಟು ಪ್ರಿಯವೋ ಅವರನ್ನು ಟೀಕಿಸುವವರಿಗೂ ಅಷ್ಟೇ ಪ್ರಿಯ. ಮೊದಲನೆಯವರು ಇದನ್ನು ರಕ್ಷಣೆಗೆ ಬಳಸುತ್ತಾರೆ, ಎರಡನೆಯವರು ಇದನ್ನೇ ತಪ್ಪೊಪ್ಪಿಗೆ ಎಂದು ಓದಿಕೊಳ್ಳುತ್ತಾರೆ. ಎರಡೂ ಕಡೆಯವರು ಒಪ್ಪಿಕೊಂಡುಬಿಟ್ಟಿರುವ ಈ ಮಾತೇ ಗೊಂದಲದ್ದು ಎಂಬುದು ನನ್ನ ವಾದ. ನಂಬಿಕೆಯು ಆಲೋಚನೆಗೆ ಆರಂಭದ ಹೇಳಿಕೆಗಳನ್ನು ಒದಗಿಸಬಹುದು. ಆ ಹೇಳಿಕೆಗಳಿಂದ ಏನು ಹೊರಡುತ್ತದೆ, ಅವು ಒಂದಕ್ಕೊಂದು ಹೊಂದುತ್ತವೆಯೇ ಎಂಬ ವಿಚಾರಣೆಯಿಂದ ಅದು ಯಾರಿಗೂ ವಿನಾಯಿತಿ ಕೊಡಲಾರದು. ಕ್ರೈಸ್ತ ಸಂಪ್ರದಾಯವೇ ತನ್ನ ಮಹತ್ವದ ಘಟ್ಟಗಳಲ್ಲಿ ಅಂಥ ವಿನಾಯಿತಿಯನ್ನು ಕೇಳಿಲ್ಲ. ಕೇಳಿದಾಗಲೂ ಅದರಂತೆ ನಡೆದುಕೊಂಡಿಲ್ಲ.

ರೂಢಿಯ ನಿಲುವನ್ನು ಅದರ ಗಟ್ಟಿಯಾದ ರೂಪದಲ್ಲೇ ಮುಂದಿಡುವುದು ನ್ಯಾಯ. ಅದರಲ್ಲಿ ಮೂರು ಎಳೆಗಳಿವೆ. (1) ದೇವರು ಅನಂತ, ಮನುಷ್ಯನ ಬುದ್ಧಿ ಸೀಮಿತ. ಸೀಮಿತ ವಸ್ತುಗಳ ನಡುವೆ ಬಳಸಿ ರೂಢಿಯಾದ ತರ್ಕವನ್ನು ಅನಂತದ ಮೇಲೆ ಹೇರುವುದು ಅಹಂಕಾರ. (2) ಕ್ರೈಸ್ತ ಸತ್ಯಗಳು ಮನುಷ್ಯರು ಯೋಚಿಸಿ ಕಂಡುಕೊಂಡವಲ್ಲ, ದೇವರು ತಾನಾಗಿ ಪ್ರಕಟಿಸಿದವು. ಪ್ರಕಟವಾದದ್ದನ್ನು ಸ್ವೀಕರಿಸಬೇಕೇ ಹೊರತು ವಿಚಾರಣೆಗೆ ಒಡ್ಡಬಾರದು. (3) ಧರ್ಮಗ್ರಂಥವೇ ಇದನ್ನು ಹೇಳುತ್ತದೆ: ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಪೌಲನು ಶಿಲುಬೆಯ ಸಂದೇಶ ಲೋಕದ ಜ್ಞಾನಿಗಳಿಗೆ ಹುಚ್ಚುಮಾತಾಗಿ ಕಾಣುತ್ತದೆ ಎನ್ನುತ್ತಾನೆ. ಈ ಮೂರರ ಬೆನ್ನಿಗೆ ದೊಡ್ಡ ಹೆಸರುಗಳೂ ಇವೆ. ಅಸಂಬದ್ಧವಾದ್ದರಿಂದಲೇ ನಂಬುತ್ತೇನೆ ಎಂಬ ಘೋಷಣೆಯನ್ನು ಕಾರ್ಥೇಜಿನ ಟೆರ್ಟುಲಿಯನ್ ತಲೆಗೆ ಕಟ್ಟಲಾಗುತ್ತದೆ. ಮಾರ್ಟಿನ್ ಲೂಥರ್ ಬುದ್ಧಿಯನ್ನು ಸೈತಾನನ ಸೂಳೆ ಎಂದು ಬೈದದ್ದು ಪ್ರಸಿದ್ಧ. ಕೀರ್ಕೆಗಾರ್ಡ್ 1843ರ ತನ್ನ ಪುಸ್ತಕದಲ್ಲಿ, ಮಗನನ್ನು ಬಲಿಕೊಡಲು ಹೊರಟ ಅಬ್ರಹಾಮನನ್ನು ಅಸಂಬದ್ಧದ ಬಲದಿಂದ ನಂಬಿದವನೆಂದು ಚಿತ್ರಿಸಿದ. ಇಷ್ಟು ಜನ ಹೇಳಿದ್ದರಲ್ಲಿ ಏನೂ ಹುರುಳಿಲ್ಲವೆನ್ನುವುದು ಉದ್ಧಟತನವಾದೀತು.

ಸಾಕ್ಷಿಗಳನ್ನು ಮಾತ್ರ ಹತ್ತಿರದಿಂದ ನೋಡಬೇಕು. ಟೆರ್ಟುಲಿಯನ್ ಆ ಘೋಷಣೆಯನ್ನು ಆ ರೂಪದಲ್ಲಿ ಎಲ್ಲಿಯೂ ಬರೆದಿಲ್ಲ. ಅವನು ಬರೆದದ್ದು ಅದಕ್ಕೆ ಹತ್ತಿರದ ಮಾತು, ಮತ್ತು ಅದು ಬರುವುದು ಕ್ರಿಸ್ತನ ಶರೀರದ ಕುರಿತ ಕೃತಿಯಲ್ಲಿ, ಮಾರ್ಸಿಯನ್‌ನಂಥವರ ವಿರುದ್ಧದ ಬಿಸಿ ವಾದದ ನಡುವೆ. ಕ್ರಿಸ್ತನಿಗೆ ನಿಜವಾದ ಮಾಂಸದ ದೇಹ ಇರಲಿಲ್ಲ, ದೇವರಿಗೆ ಅದು ಶೋಭಿಸದು ಎಂಬುದು ಎದುರಾಳಿಗಳ ನಿಲುವು. ಟೆರ್ಟುಲಿಯನ್ ಅದನ್ನು ಹೆಜ್ಜೆಹೆಜ್ಜೆಯಾಗಿ ಕೆಡವುತ್ತಾನೆ: ದೇಹ ನಿಜವಲ್ಲದಿದ್ದರೆ ನೋವು ನಿಜವಲ್ಲ, ನೋವು ನಿಜವಲ್ಲದಿದ್ದರೆ ಮರಣ ನಿಜವಲ್ಲ, ಮರಣ ನಿಜವಲ್ಲದಿದ್ದರೆ ರಕ್ಷಣೆಯೂ ಬರಿಯ ನಾಟಕ. ಇದು ತರ್ಕವನ್ನು ಕೈಬಿಟ್ಟವನ ಬರವಣಿಗೆಯಲ್ಲ. ದೇವರಿಗೆ ಇಷ್ಟು ಅನುಚಿತವೆನಿಸುವ ಕತೆಯನ್ನು ಯಾರೂ ಕಟ್ಟಿ ಹೇಳುವುದಿಲ್ಲ, ಹಾಗಾಗಿ ನಡೆದಿರಲೇಬೇಕು ಎಂಬ ಬಗೆಯ ವಾದ ಹಳೆಯ ಭಾಷಣಕಲೆಯ ಪರಿಚಿತ ವರಸೆ. ಅರಿಸ್ಟಾಟಲನೂ ಅದನ್ನು ಗುರುತಿಸಿದ್ದಾನೆ. ಕೀರ್ಕೆಗಾರ್ಡ್ ವಿಷಯ ಇನ್ನೂ ಕುತೂಹಲದ್ದು. ಅವನ ಅಬ್ರಹಾಮ ಲೆಕ್ಕಾಚಾರವನ್ನೆಲ್ಲ ಬಿಟ್ಟು ಜಿಗಿಯುತ್ತಾನೆ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆ (11:19) ಚಿತ್ರಿಸುವ ಅಬ್ರಹಾಮನೋ ಲೆಕ್ಕ ಹಾಕುವವನು: ಈ ಮಗನ ಮೂಲಕವೇ ಸಂತತಿ ಎಂದು ದೇವರು ಮಾತು ಕೊಟ್ಟಿದ್ದಾನೆ, ಅದೇ ದೇವರು ಮಗನನ್ನು ಬಲಿ ಕೇಳುತ್ತಿದ್ದಾನೆ, ಎರಡೂ ನಿಜವಾಗಬೇಕಾದರೆ ಸತ್ತವರನ್ನು ಎಬ್ಬಿಸಲು ದೇವರು ಶಕ್ತನಾಗಿರಬೇಕು. ವಿರೋಧದಂತೆ ಕಂಡ ಎರಡು ಹೇಳಿಕೆಗಳನ್ನು ಉಳಿಸಿಕೊಳ್ಳಲು ಮೂರನೆಯದೊಂದನ್ನು ಊಹಿಸುವುದು ಶುದ್ಧ ತರ್ಕಕ್ರಿಯೆ. ಆ ಊಹೆಯನ್ನು ನಾವು ಒಪ್ಪುತ್ತೇವೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ.

ಪೌಲನನ್ನು ಪೂರ್ತಿ ಓದಬೇಕು. ಹುಚ್ಚುಮಾತಿನ ಪ್ರಸ್ತಾಪ ಬರುವ ಅದೇ ಪತ್ರಿಕೆಯ ಹದಿನೈದನೆಯ ಅಧ್ಯಾಯದಲ್ಲಿ, ಸತ್ತವರಿಗೆ ಪುನರುತ್ಥಾನವಿಲ್ಲ ಎನ್ನುತ್ತಿದ್ದ ಕೊರಿಂಥದ ಕೆಲವರಿಗೆ ಅವನು ಉತ್ತರಿಸುತ್ತಾನೆ. ಸುಮ್ಮನೆ ನಂಬಿ ಎಂದು ಅವನು ಹೇಳಬಹುದಿತ್ತು, ಹೇಳುವುದಿಲ್ಲ. ಸತ್ತವರು ಏಳುವುದೇ ಇಲ್ಲವೆಂದರೆ ಕ್ರಿಸ್ತನೂ ಎದ್ದಿಲ್ಲ. ಕ್ರಿಸ್ತನು ಎದ್ದಿಲ್ಲವೆಂದರೆ ನಮ್ಮ ಬೋಧನೆ ಪೊಳ್ಳು, ನಿಮ್ಮ ನಂಬಿಕೆಯೂ ಪೊಳ್ಳು, ನಾವು ದೇವರ ಹೆಸರಿನಲ್ಲಿ ಸುಳ್ಳುಸಾಕ್ಷಿ ಹೇಳಿದವರು. ಇದು ಸರಪಣಿಯಂತೆ ಸಾಗುವ ವಾದ. ಕೊನೆಯ ಕೊಂಡಿಯನ್ನು ನೀವು ಒಪ್ಪುವುದಿಲ್ಲವಾದರೆ ಮೊದಲನೆಯದನ್ನೂ ಬಿಡಬೇಕು ಎಂಬುದು ಅದರ ಪಟ್ಟು. ಅದಕ್ಕೂ ಮುನ್ನ ಕೇಫ, ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕೂ ಹೆಚ್ಚು ಸಹೋದರರು ಎಂದು ಸಾಕ್ಷಿಗಳ ಪಟ್ಟಿ ಕೊಟ್ಟು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದು ಸೇರಿಸುತ್ತಾನೆ. ಬೇಕಾದರೆ ಹೋಗಿ ಕೇಳಿ ಎನ್ನುವ ಧಾಟಿ ಅದು. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದು: ನಂಬಿಕೆ ಪೊಳ್ಳಾಗುವ ಸ್ಥಿತಿ ಯಾವುದೆಂದು ಪೌಲ ತಾನೇ ಹೇಳಿಬಿಟ್ಟಿದ್ದಾನೆ. ತರ್ಕಕ್ಕೆ ಸಿಗದ ನಂಬಿಕೆಗೆ ಪೊಳ್ಳಾಗುವ ಅಪಾಯವೇ ಇರಬಾರದಿತ್ತು. ಹಾಗಾದರೆ ಮೊದಲ ಅಧ್ಯಾಯದ ಹುಚ್ಚುಮಾತು ಏನು? ಶಿಲುಬೆಗೇರಿ ಅವಮಾನದಿಂದ ಸತ್ತವನು ದೇವರು ಕಳಿಸಿದ ಉದ್ಧಾರಕ ಎಂಬುದು ಆ ಕಾಲದ ಅಧಿಕಾರ, ಅಂತಸ್ತು, ಮರ್ಯಾದೆಗಳ ಅಳತೆಗೆ ಹೊಂದುತ್ತಿರಲಿಲ್ಲ. ಪೌಲ ತಿರಸ್ಕರಿಸುತ್ತಿರುವುದು ಆ ಅಳತೆಯನ್ನು. ನಂಬಲು ಕಷ್ಟವಾದದ್ದಕ್ಕೂ ತನ್ನನ್ನೇ ತಾನು ಅಲ್ಲಗಳೆಯುವ ಮಾತಿಗೂ ಇರುವ ವ್ಯತ್ಯಾಸವನ್ನು ಅವನು ಅಳಿಸಿಲ್ಲ.

ಈ ವ್ಯತ್ಯಾಸವನ್ನು ಜಾನ್ ಲಾಕ್ 1689ರಲ್ಲೂ ಲೈಬ್ನಿಟ್ಸ್ 1710ರಲ್ಲೂ ಸ್ಪಷ್ಟವಾಗಿ ಬರೆದಿಟ್ಟರು. ಬುದ್ಧಿಗೆ ಮೀರಿದ್ದು ಬೇರೆ, ಬುದ್ಧಿಗೆ ವಿರುದ್ಧವಾದದ್ದು ಬೇರೆ. ಲಾಕ್ ಕೊಡುವ ಉದಾಹರಣೆಯಂತೆ ಸತ್ತವರು ಮತ್ತೆ ಏಳುತ್ತಾರೆಂಬುದು ಬುದ್ಧಿಗೆ ಮೀರಿದ್ದು; ನಮ್ಮ ಅನುಭವದಿಂದ ಅದನ್ನು ಸಾಧಿಸಲಾಗದು, ಆದರೆ ಆ ಹೇಳಿಕೆಯೊಳಗೆ ಜಗಳವಿಲ್ಲ. ಒಂದು ಹೇಳಿಕೆ ದೇವರಿಂದ ಬಂದದ್ದಾದರೆ ಸತ್ಯವೇ ಸರಿ, ಆದರೆ ಅದು ದೇವರಿಂದ ಬಂದದ್ದು ಹೌದೇ ಎಂದು ತೀರ್ಮಾನಿಸಬೇಕಾದದ್ದು ಬುದ್ಧಿಯೇ ಎಂದೂ ಲಾಕ್ ಹೇಳಿದ. ರೂಢಿಯ ನಿಲುವಿನ ಎರಡನೆಯ ಎಳೆ ಇಲ್ಲಿಗೇ ಸಡಿಲವಾಗುತ್ತದೆ. ಪ್ರಕಟವಾದದ್ದನ್ನು ಪ್ರಶ್ನಿಸಬಾರದು ಎನ್ನುವವರು ಯಾವುದು ಪ್ರಕಟವಾದದ್ದು, ಅದರ ಅರ್ಥವೇನು ಎಂಬೆರಡು ಪ್ರಶ್ನೆಗಳನ್ನು ಈಗಾಗಲೇ ಉತ್ತರಿಸಿಕೊಂಡಿರುತ್ತಾರೆ, ಉತ್ತರಿಸಿದ್ದು ತಮ್ಮ ಅರಿವಿಗೆ ಬಂದಿರುವುದಿಲ್ಲ ಅಷ್ಟೆ.

ಮೊದಲ ಪ್ರಶ್ನೆಯನ್ನು ತೆಗೆದುಕೊಳ್ಳಿ. ಹೊಸ ಒಡಂಬಡಿಕೆಯ ಇಪ್ಪತ್ತೇಳು ಪುಸ್ತಕಗಳು ಈಗಿರುವಂತೆಯೇ ಪಟ್ಟಿಯಾಗಿ ಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಮೊದಲು ಅದೇ ಊರಿನ ಬಿಷಪ್ ಡಯೊನಿಸಿಯಸ್, ಪ್ರಕಟನೆ ಪುಸ್ತಕವನ್ನು ಸುವಾರ್ತೆ ಬರೆದ ಯೋಹಾನನೇ ಬರೆದಿರಲಾರ ಎಂದು ವಾದಿಸಿದ. ಅವನ ಕಾರಣಗಳನ್ನು ಯೂಸೀಬಿಯಸ್ ತಾನು ಬರೆದ ಚರ್ಚಿನ ಇತಿಹಾಸದಲ್ಲಿ ಉಳಿಸಿದ್ದಾನೆ: ಸುವಾರ್ತೆಯ ಲೇಖಕ ಎಲ್ಲಿಯೂ ತನ್ನ ಹೆಸರು ಹೇಳಿಕೊಳ್ಳುವುದಿಲ್ಲ, ಇವನು ಪದೇಪದೇ ಹೇಳಿಕೊಳ್ಳುತ್ತಾನೆ, ಅಲ್ಲಿ ಬೆಳಕು, ಜೀವ, ಸತ್ಯ ಎಂದು ಸುತ್ತಿ ಸುತ್ತಿ ಬರುವ ಮಾತುಗಳು ಇಲ್ಲಿ ಕಾಣುವುದಿಲ್ಲ, ಅಲ್ಲಿನ ಗ್ರೀಕ್ ತಪ್ಪಿಲ್ಲದ್ದು, ಇಲ್ಲಿನದು ವ್ಯಾಕರಣ ಕೆಟ್ಟದ್ದು. ಇದು ಮೂರನೆಯ ಶತಮಾನದ ಬಿಷಪ್ ಒಬ್ಬನ ಕೆಲಸ, ಆಧುನಿಕ ವಿಮರ್ಶಕನದಲ್ಲ. ಅವನು ಪುಸ್ತಕವನ್ನು ತಿರಸ್ಕರಿಸಲಿಲ್ಲ, ತನಗೆ ಪೂರ್ತಿ ಅರ್ಥವಾಗದ್ದು ಅದರಲ್ಲಿದೆ ಎಂದು ಗೌರವದಿಂದಲೇ ಇಟ್ಟುಕೊಂಡ. ಭಕ್ತಿಯೂ ವಿಮರ್ಶೆಯೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇದ್ದವು.

ಎರಡನೆಯ ಪ್ರಶ್ನೆಗೆ, ಅಂದರೆ ಅರ್ಥದ ಪ್ರಶ್ನೆಗೆ, 1529ರ ಅಕ್ಟೋಬರಿನಲ್ಲಿ ಜರ್ಮನಿಯ ಮಾರ್ಬುರ್ಗ್ ಕೋಟೆಯಲ್ಲಿ ನಡೆದ ಚರ್ಚೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಪ್ರೊಟೆಸ್ಟಂಟ್ ಸುಧಾರಣೆಯ ಎರಡು ಬಣಗಳನ್ನು ಒಂದುಗೂಡಿಸಬೇಕೆಂದು ಹೆಸ್ಸೆಯ ದೊರೆ ಫಿಲಿಪ್ ಲೂಥರನನ್ನೂ ಜ್ಯೂರಿಕ್‌ನ ಜ್ವಿಂಗ್ಲಿಯನ್ನೂ ಎದುರುಬದುರು ಕೂರಿಸಿದ. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು. ಹದಿನೈದನೆಯದರಲ್ಲಿ, ಕಡೇ ಭೋಜನದಲ್ಲಿ ಯೇಸು ರೊಟ್ಟಿಯನ್ನು ತೋರಿಸಿ ಇದು ನನ್ನ ದೇಹ ಎಂದದ್ದರ ಅರ್ಥದ ಬಗ್ಗೆ, ಮುರಿದು ಬಿತ್ತು. ಲೂಥರ್ ಆ ಮಾತನ್ನು ಲ್ಯಾಟಿನ್‌ನಲ್ಲಿ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದು ಕೂತ. ಅದರಿಂದ ಒಂದಕ್ಷರವೂ ಕದಲುವುದಿಲ್ಲ ಎಂಬುದು ಅವನ ಹಟ. ಜ್ವಿಂಗ್ಲಿಯ ಕಡೆಯವರ ವಾದ ಹೀಗಿತ್ತು: ದೇಹವೆಂದರೆ ಒಂದು ಕಡೆ ಇರುವಂಥದ್ದು, ಕ್ರಿಸ್ತನ ದೇಹ ಪರಲೋಕಕ್ಕೆ ಏರಿದೆ ಎಂದು ಗ್ರಂಥವೇ ಹೇಳುತ್ತದೆ, ಆದ್ದರಿಂದ ಅದು ಸಾವಿರ ಊರುಗಳ ರೊಟ್ಟಿಯಲ್ಲಿ ಇರಲಾರದು, ನಾನೇ ಬಾಗಿಲು, ನಾನೇ ದ್ರಾಕ್ಷಾಬಳ್ಳಿ ಎಂಬ ಮಾತುಗಳಂತೆ ಇದನ್ನೂ ಸಾಂಕೇತಿಕವಾಗಿ ಓದಬೇಕು. ದೇವರು ಗಣಿತಕ್ಕೆ ಮೀರಿದವನು ಎಂದು ಲೂಥರ್ ತಳ್ಳಿಹಾಕಿದ. ಇಲ್ಲಿಗೆ ನಿಲ್ಲಿಸಿದರೆ ಒಬ್ಬ ತರ್ಕದವನು, ಇನ್ನೊಬ್ಬ ನಂಬಿಕೆಯವನು ಎಂದು ಕಾಣುತ್ತದೆ. ಆದರೆ ಒಂದು ವರ್ಷ ಮೊದಲು, 1528ರಲ್ಲಿ, ಇದೇ ವಿಷಯದ ಮೇಲೆ ಬರೆದ ದೊಡ್ಡ ಪುಸ್ತಕದಲ್ಲಿ ಲೂಥರ್ ಏನು ಮಾಡಿದ್ದ? ಒಂದು ವಸ್ತು ಒಂದು ಜಾಗದಲ್ಲಿ ಇರುವ ಬಗೆಗಳು ಮೂರು ಎಂದು ಮಧ್ಯಯುಗದ ತರ್ಕಶಾಸ್ತ್ರಿಗಳಿಂದ ಕಲಿತ ವಿಂಗಡಣೆಯನ್ನು ತಂದು, ಅಳತೆಗೆ ಸಿಗುವಂತೆ ಜಾಗ ತುಂಬಿಕೊಂಡಿರುವುದೊಂದೇ ಬಗೆಯಲ್ಲ, ಹಾಗಾಗಿ ಎದುರಾಳಿಯ ಮೊದಲ ಹೇಳಿಕೆಯೇ ಸರಿಯಿಲ್ಲ ಎಂದು ತೋರಿಸಲು ಹೆಣಗಿದ್ದ. ಬುದ್ಧಿಯನ್ನು ಬೈದವನಿಗೂ ಕೊನೆಗೆ ಬೇಕಾದದ್ದು ವಿರೋಧವಿಲ್ಲವೆಂಬ ಸಾಧನೆ. 1521ರಲ್ಲಿ ವೋರ್ಮ್ಸ್ ಸಭೆಯ ಮುಂದೆ ನಿಂತಾಗಲೂ ಅವನು ಗ್ರಂಥದಿಂದ ಇಲ್ಲವೇ ಸ್ಪಷ್ಟ ಕಾರಣದಿಂದ ತನ್ನನ್ನು ಒಪ್ಪಿಸಿ ಎಂದೇ ಕೇಳಿದ್ದ. ಮಾರ್ಬುರ್ಗ್‌ನಲ್ಲಿ ಇಬ್ಬರಿಗೂ ನಂಬಿಕೆಯಿತ್ತು, ಇಬ್ಬರ ಮುಂದೆಯೂ ಅದೇ ಗ್ರಂಥವಿತ್ತು. ಅವರನ್ನು ಬೇರ್ಪಡಿಸಿದ್ದು ಒಂದು ವಾಕ್ಯವನ್ನು ಯಾವಾಗ ಅಕ್ಷರಶಃ ಓದಬೇಕು, ಯಾವಾಗ ಓದಬಾರದು ಎಂಬ ನಿಯಮ. ಆ ನಿಯಮ ಗ್ರಂಥದಲ್ಲಿ ಬರೆದಿಲ್ಲ. ಬರೆದಿದ್ದರೂ ಅದನ್ನು ಓದಲು ಮತ್ತೊಂದು ನಿಯಮ ಬೇಕಾಗುತ್ತಿತ್ತು.

ಈಗ ತ್ರಿಯೇಕತ್ವಕ್ಕೆ ಬರೋಣ. ತರ್ಕ ಇಲ್ಲಿ ಸೋಲುತ್ತದೆ ಎಂದು ಎಲ್ಲರೂ ಮೊದಲು ತೋರಿಸುವುದು ಇದನ್ನೇ. ಈ ಸಿದ್ಧಾಂತ ತರ್ಕದಿಂದಲೇ ಹುಟ್ಟಿತು ಎಂಬುದನ್ನು ಮರೆತಿರುತ್ತಾರೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಎತ್ತಿದ ವಾದ ಸರಳ, ಗ್ರಂಥಾಧಾರಿತ. ಮಗ ತಂದೆಯಿಂದ ಹುಟ್ಟಿದವನು, ಹುಟ್ಟಿದವನಿಗೆ ಆರಂಭವುಂಟು, ದೇವರಿಗೆ ಆರಂಭವಿಲ್ಲ, ಆದ್ದರಿಂದ ಮಗನು ಎಷ್ಟೇ ಶ್ರೇಷ್ಠನಾದರೂ ಸೃಷ್ಟಿಯೇ. ತಂದೆ ತನಗಿಂತ ದೊಡ್ಡವನು ಎಂದು ಯೋಹಾನನ ಸುವಾರ್ತೆಯಲ್ಲಿ ಯೇಸುವೇ ಹೇಳಿದ್ದಾನಲ್ಲ ಎಂಬುದು ಅವನ ಕಡೆಯವರ ಬೆಂಬಲ. ಅಥನಾಸಿಯಸ್ ಇದಕ್ಕೆ ಕೊಟ್ಟ ಉತ್ತರದ ತಿರುಳನ್ನು ಹೀಗೆ ಬಿಡಿಸಿಡಬಹುದು:

1. ದೇವರೊಬ್ಬನಿಗೇ ಆರಾಧನೆ ಸಲ್ಲಬೇಕು. ಸೃಷ್ಟಿಯನ್ನು ಆರಾಧಿಸುವುದು ವಿಗ್ರಹಾರಾಧನೆ.
2. ಕ್ರೈಸ್ತರು ಮೊದಲಿಂದಲೂ ಕ್ರಿಸ್ತನನ್ನು ಆರಾಧಿಸುತ್ತಿದ್ದಾರೆ, ಅದು ಸರಿಯೆಂದು ಏರಿಯಸ್ಸನ ಕಡೆಯವರೂ ಒಪ್ಪುತ್ತಾರೆ.
3. ಆದ್ದರಿಂದ ಕ್ರಿಸ್ತನು ಸೃಷ್ಟಿಯಲ್ಲ.

ಇದರ ಜೊತೆಗೆ, ತಾನೇ ಉದ್ಧಾರವಾಗಬೇಕಾದ ಸೃಷ್ಟಿಗೆ ಬೇರೆ ಸೃಷ್ಟಿಯನ್ನು ದೇವರೊಂದಿಗೆ ಸೇರಿಸುವ ಶಕ್ತಿ ಎಲ್ಲಿಂದ ಬರಬೇಕು ಎಂಬ ಇನ್ನೊಂದು ವಾದ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆದ ನೈಸಿಯಾ ಸಭೆಯಲ್ಲಿ ನಡೆದದ್ದನ್ನು ಅಥನಾಸಿಯಸ್ ಮುಂದೆ ವಿವರಿಸುವಾಗ ಒಂದು ದೃಶ್ಯ ಕೊಡುತ್ತಾನೆ. ಬಿಷಪ್ಪರು ಗ್ರಂಥದ ಮಾತುಗಳಲ್ಲೇ ಸೂತ್ರ ಬರೆಯಲು ನೋಡಿದರು. ಮಗ ದೇವರಿಂದ ಬಂದವನು ಎಂದು ಹೇಳೋಣ ಎಂದಾಗ ಏರಿಯಸ್ಸನ ಬೆಂಬಲಿಗರು ಪರಸ್ಪರ ಕಣ್ಣು ಮಿಟುಕಿಸಿ ಪಿಸುಗುಟ್ಟಿಕೊಂಡರಂತೆ: ಒಪ್ಪಬಹುದು, ಎಲ್ಲವೂ ದೇವರಿಂದಲೇ ಬಂದದ್ದಲ್ಲವೇ, ನಾವೂ ಕೂಡ. ಗ್ರಂಥದ ಯಾವ ಮಾತನ್ನು ಮುಂದಿಟ್ಟರೂ ಅದಕ್ಕೆ ತಮ್ಮ ಅರ್ಥ ಹಚ್ಚಿಕೊಳ್ಳುವುದು ಸಾಧ್ಯವಿತ್ತು. ಹೀಗಾಗಿ ಮಗನು ತಂದೆಯೊಂದಿಗೆ ಒಂದೇ ಸತ್ವದವನು ಎಂದು ಗ್ರಂಥದಲ್ಲಿಲ್ಲದ ಪರಿಭಾಷೆಯನ್ನು ತರಬೇಕಾಯಿತು, ಆ ಕಾರಣಕ್ಕೇ ಅನೇಕ ಬಿಷಪ್ಪರು ಹಲವು ದಶಕ ಮುಜುಗರಪಟ್ಟರು. ವಿರೋಧಿ ವರದಿಯಾದ್ದರಿಂದ ಕಣ್ಣು ಮಿಟುಕಿಸಿದ ವಿವರವನ್ನು ಸ್ವಲ್ಪ ಉಪ್ಪು ಖಾರ ಕಳೆದೇ ಓದಬೇಕು. ಆದರೂ ಸಮಸ್ಯೆಯ ಸ್ವರೂಪ ಅದರಿಂದ ಚೆನ್ನಾಗಿ ತಿಳಿಯುತ್ತದೆ: ಗ್ರಂಥವನ್ನು ನಂಬುತ್ತೇವೆ ಎಂದು ಎರಡೂ ಕಡೆಯವರು ಹೇಳಿದಾಗ, ಅವರ ನಡುವೆ ತೀರ್ಪು ಕೊಡಲು ನಂಬಿಕೆಗೆ ಸಾಮರ್ಥ್ಯವಿರಲಿಲ್ಲ.

ಇದಕ್ಕೊಂದು ಆಕ್ಷೇಪಣೆಯುಂಟು. ಸತ್ಯ ಮೊದಲೇ ಪ್ರಕಟವಾಗಿತ್ತು, ಸಭೆಗಳು ಅದಕ್ಕೆ ಮಾತು ಕೊಟ್ಟವು ಅಷ್ಟೇ, ತರ್ಕ ಇಲ್ಲಿ ಗುಮಾಸ್ತನ ಕೆಲಸ ಮಾಡಿತು ಎನ್ನಬಹುದು. ಹಾಗಿದ್ದರೆ ಏರಿಯಸ್ಸನ ಮಾತೂ ಅದೇ ಪ್ರಕಟನೆಗೆ ಇನ್ನೊಬ್ಬ ಗುಮಾಸ್ತ ಕೊಟ್ಟ ರೂಪ ಏಕಾಗಬಾರದು? ಅವನ ರೂಪ ತಪ್ಪು ಎನ್ನಬೇಕಾದರೆ ಅದರಿಂದ ಹೊರಡುವ ಪರಿಣಾಮ ಮಿಕ್ಕ ನಂಬಿಕೆಗಳಿಗೆ ಹೊಂದುವುದಿಲ್ಲ ಎಂದು ತೋರಿಸಲೇಬೇಕು, ಅಥನಾಸಿಯಸ್ ತೋರಿಸಿದ್ದೂ ಅದನ್ನೇ. ತರ್ಕದಿಂದ ಕಟ್ಟಿ, ತರ್ಕದಿಂದ ಎದುರಾಳಿಯನ್ನು ಹೊರಹಾಕಿ, ಆಮೇಲೆ ಯಾರಾದರೂ ಅದೇ ಅಸ್ತ್ರವನ್ನು ಹಿಡಿದು ಬಂದಾಗ ಇದು ತರ್ಕಕ್ಕೆ ಮೀರಿದ್ದು ಎನ್ನುವುದು ನ್ಯಾಯವಲ್ಲ.

ಈ ಅನ್ಯಾಯವನ್ನು ಅತ್ಯಂತ ಚುರುಕಾಗಿ ತೋರಿಸಿದವರು ಭಾರತದವರೇ. 1820ರಲ್ಲಿ ರಾಜಾ ರಾಮಮೋಹನ ರಾಯರು ಸುವಾರ್ತೆಗಳಿಂದ ಯೇಸುವಿನ ನೀತಿಬೋಧೆಗಳನ್ನಷ್ಟೇ ಆರಿಸಿ, ಪವಾಡಗಳನ್ನೂ ಸಿದ್ಧಾಂತಗಳನ್ನೂ ಬಿಟ್ಟು ಕಲ್ಕತ್ತೆಯಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಶ್ರೀರಾಮಪುರದ ಬ್ಯಾಪ್ಟಿಸ್ಟ್ ಮಿಷನರಿ ಜೋಶುವಾ ಮಾರ್ಷ್‌ಮನ್ ಇದನ್ನು ಕಟುವಾಗಿ ಟೀಕಿಸಿದರು. ರಾಯರು 1820, 1821, 1823ರಲ್ಲಿ ಮೂರು ಉತ್ತರಗಳನ್ನು ಬರೆದರು, ಹೀಬ್ರೂ ಮತ್ತು ಗ್ರೀಕ್ ಕಲಿತು ಗ್ರಂಥದೊಳಗಿಂದಲೇ ವಾದಿಸಿದರು. ತಾನೂ ತಂದೆಯೂ ಒಂದೇ ಎಂಬ ಯೇಸುವಿನ ಮಾತನ್ನು ತ್ರಿಯೇಕತ್ವಕ್ಕೆ ಆಧಾರವಾಗಿ ಹಿಡಿದರೆ, ಅದೇ ಯೋಹಾನನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಶಿಷ್ಯರೂ ಹಾಗೆಯೇ ಒಂದಾಗಿರಲಿ ಎಂದು ಯೇಸು ಪ್ರಾರ್ಥಿಸುವುದನ್ನು ಏನು ಮಾಡುವುದು? ಶಿಷ್ಯರು ಒಂದೇ ಸತ್ವವಾಗುವುದಿಲ್ಲ, ಒಂದೇ ಮನಸ್ಸಿನವರಾಗುತ್ತಾರೆ. ಹಾಗಾದರೆ ಮೊದಲ ಮಾತಿಗೂ ಅದೇ ಅರ್ಥ. ಇದು ಮಾರ್ಬುರ್ಗ್‌ನಲ್ಲಿ ಜ್ವಿಂಗ್ಲಿ ಮಾಡಿದಂಥದೇ ಓದು. ಶ್ರೀರಾಮಪುರದವರು ಸುಮ್ಮನೆ ನಂಬಿ ಎನ್ನಲಿಲ್ಲ, ವಚನಕ್ಕೆ ವಚನ ಎದುರಿಟ್ಟು ಕಾದಾಡಿದರು. ಆದರೆ ಮೂರನೆಯ ಉತ್ತರವನ್ನು ಅಚ್ಚು ಹಾಕಲು ಬ್ಯಾಪ್ಟಿಸ್ಟ್ ಮಿಷನ್ ಪ್ರೆಸ್ ಒಪ್ಪದಿದ್ದಾಗ ರಾಯರು ತಮ್ಮದೇ ಅಚ್ಚುಕೂಟ ಮಾಡಿಕೊಳ್ಳಬೇಕಾಯಿತು. ಈ ನಡುವೆ ರಾಯರೊಂದಿಗೆ ಹೊಸ ಒಡಂಬಡಿಕೆಯ ಬಂಗಾಳಿ ಅನುವಾದದಲ್ಲಿ ತೊಡಗಿದ್ದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಆಡಮ್ 1821ರಲ್ಲಿ ತ್ರಿಯೇಕತ್ವವನ್ನೇ ಬಿಟ್ಟು ಯೂನಿಟೇರಿಯನ್ ಆದ; ಪತನಗೊಂಡ ಎರಡನೆಯ ಆದಾಮ ಎಂದು ಅವನನ್ನು ಹಾಸ್ಯ ಮಾಡಿದರು. ನನ್ನ ವಾದಕ್ಕೆ ಮುಖ್ಯವಾದದ್ದು ರಾಯರು ಇದೇ ಕಾಲದಲ್ಲಿ ಎತ್ತಿದ ಇನ್ನೊಂದು ಪ್ರಶ್ನೆ. ಹಿಂದೂ ಶಾಸ್ತ್ರಗಳು ಬುದ್ಧಿಗೆ ಒಪ್ಪುವುದಿಲ್ಲವೆಂದು ಮಿಷನರಿಗಳು ಖಂಡಿಸುತ್ತಾರೆ. ತಮ್ಮ ಸಿದ್ಧಾಂತಕ್ಕೆ ಅದೇ ಅಳತೆ ಹಚ್ಚಿದರೆ ಇದು ಬುದ್ಧಿಗೆ ಮೀರಿದ ರಹಸ್ಯ ಎನ್ನುತ್ತಾರೆ. ಆ ರಹಸ್ಯದ ಆಶ್ರಯ ಅನೇಕ ದೇವರುಗಳನ್ನು ಪೂಜಿಸುವವನಿಗೂ ಸಿಗಬಾರದೇಕೆ? ಇದಕ್ಕೆ ಉತ್ತರವಿಲ್ಲ. ತರ್ಕದಿಂದ ವಿನಾಯಿತಿಯನ್ನು ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು, ಎಲ್ಲರಿಗೂ ಕೊಟ್ಟ ಮೇಲೆ ನನ್ನ ಮತ ಸತ್ಯ ಎಂದು ಹೇಳಲು ಯಾರಿಗೂ ಬಾಯಿ ಉಳಿಯುವುದಿಲ್ಲ.

ಇನ್ನು ಮೊದಲ ಎಳೆ, ದೇವರ ಅನಂತತೆ. ಇದು ಮೂರರಲ್ಲಿ ಅತ್ಯಂತ ಗಟ್ಟಿಯಾದದ್ದು ಎಂದು ನನಗೂ ಅನಿಸುತ್ತದೆ. ನಮ್ಮ ಅನುಭವದ ಸಾಮಾನ್ಯೀಕರಣಗಳು ದೇವರಿಗೆ ಅನ್ವಯಿಸಬೇಕಿಲ್ಲ ಎಂಬುದನ್ನು ಪೂರ್ತಿ ಒಪ್ಪಬಹುದು. ಒಂದು ದೇಹ ಒಂದೇ ಕಡೆ ಇರುತ್ತದೆ ಎಂಬುದು ಅಂಥ ಸಾಮಾನ್ಯೀಕರಣ; ಲೂಥರ್ ಅದನ್ನು ಪ್ರಶ್ನಿಸಿದ್ದರಲ್ಲಿ ತಪ್ಪಿಲ್ಲ. ಒಂದು ಹೇಳಿಕೆಯನ್ನೂ ಅದರ ನಿರಾಕರಣೆಯನ್ನೂ ಒಟ್ಟಿಗೆ ಹೇಳಬಾರದು ಎಂಬುದು ಆ ಜಾತಿಯದಲ್ಲ. ಅದು ದೇವರ ಮೇಲೆ ಹೇರಿದ ನಿಯಮವೇ ಅಲ್ಲ, ನಮ್ಮ ಹೇಳಿಕೆಗೆ ಅರ್ಥ ಇರಬೇಕಾದರೆ ಬೇಕಾದ ಷರತ್ತು. ದೇವರು ಒಳ್ಳೆಯವನು ಎಂದು ಹೇಳಿ, ಅದೇ ಅರ್ಥದಲ್ಲಿ ಒಳ್ಳೆಯವನಲ್ಲ ಎಂದೂ ಹೇಳಿದರೆ ಕೇಳುವವನಿಗೆ ನಂಬಲು ಏನು ಉಳಿಯಿತು? ಸಾಮಾನ್ಯ ತರ್ಕದಲ್ಲಿ ವಿರೋಧವೊಂದನ್ನು ಒಪ್ಪಿದರೆ ಅದರಿಂದ ಯಾವ ಹೇಳಿಕೆಯನ್ನಾದರೂ ಹೊರಡಿಸಬಹುದು. ಅಲ್ಲಿಗೆ ಏರಿಯಸ್ಸನೂ ಸರಿ, ಅಥನಾಸಿಯಸ್ಸನೂ ಸರಿ, ಯಾವ ಸಭೆಯೂ ಬೇಕಾಗಿರಲಿಲ್ಲ. ಇದರಿಂದ ತಪ್ಪಿಸಿಕೊಳ್ಳಲು ತತ್ವಜ್ಞಾನಿ ಜೆ.ಸಿ. ಬೀಲ್ 2021ರ ಪುಸ್ತಕವೊಂದರಲ್ಲಿ ಧೈರ್ಯದ ದಾರಿ ಹಿಡಿದಿದ್ದಾರೆ: ಕ್ರಿಸ್ತನ ಬಗ್ಗೆ ಕೆಲವು ವಿರೋಧಗಳು ನಿಜವಾಗಿಯೂ ಸತ್ಯ ಎಂದು ಒಪ್ಪಿಬಿಡುವುದು. ಆದರೆ ಆ ದಾರಿಯಲ್ಲಿ ನಡೆಯಲು ಅವರಿಗೆ ವಿರೋಧದಿಂದ ಎಲ್ಲವೂ ಹೊರಡದಂತೆ ತಡೆಯುವ ಬೇರೊಂದು ತರ್ಕವ್ಯವಸ್ಥೆ ಬೇಕಾಯಿತು, ಅದರ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕಾಯಿತು. ತರ್ಕವನ್ನು ಬದಲಿಸಬಹುದು ಎಂಬುದಕ್ಕೆ ಇದು ಸಾಕ್ಷಿ, ಬಿಟ್ಟುಬಿಡಬಹುದು ಎಂಬುದಕ್ಕಲ್ಲ.

ಕನ್ನಡದ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅವು ಪ್ರಮಾಣವಾಗುವುದಿಲ್ಲ, ಬೇರೆ ಅರ್ಥ ಹುಡುಕಬೇಕು ಎನ್ನುತ್ತಾರೆ. ಉಡುಪಿಯ ಮಧ್ವರು ಅದೇ ಬಗೆಯ ಆಯುಧವನ್ನು ಅದ್ವೈತದ ಕಡೆಗೇ ತಿರುಗಿಸಿ, ಶ್ರುತಿ ತಾನು ಆಧರಿಸಿ ನಿಂತ ಪ್ರತ್ಯಕ್ಷವನ್ನೇ ಅಲ್ಲಗಳೆಯಲಾರದು ಎಂದು ವಾದಿಸಿದರು. ವೇದವನ್ನು ಅಪೌರುಷೇಯವೆಂದು ನಂಬಿದವರ ಮಾತು ಇದು ಎಂಬುದನ್ನು ನೆನಪಿಡಬೇಕು. ಕ್ರೈಸ್ತರಲ್ಲಿ ಆಗಸ್ಟಿನ್ ಆದಿಕಾಂಡದ ವ್ಯಾಖ್ಯಾನದಲ್ಲಿ ಹೇಳಿದ್ದೂ ಇದರ ಆಸುಪಾಸಿನದೇ: ಆಕಾಶ, ನಕ್ಷತ್ರಗಳ ಬಗ್ಗೆ ಯಾರಿಗೂ ಗೊತ್ತಿರುವುದನ್ನು ಗ್ರಂಥದ ಹೆಸರಿನಲ್ಲಿ ತಪ್ಪಾಗಿ ಹೇಳುವ ಕ್ರೈಸ್ತ ಗ್ರಂಥವನ್ನೇ ನಗೆಪಾಟಲು ಮಾಡುತ್ತಾನೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಮಾನವೀಯವಾದದ್ದು. ಹೀಗೆ ಹೇಳಿದರೆ ನಂಬಿಕೆ ಪಂಡಿತರ ಸೊತ್ತಾಗುವುದಿಲ್ಲವೇ, ತತ್ವಶಾಸ್ತ್ರ ಓದದ ಸಾಮಾನ್ಯ ವಿಶ್ವಾಸಿಯ ಗತಿಯೇನು? ಇಲ್ಲಿ ನಂಬಿಕೆ ಎಂಬುದರ ಎರಡು ಬಗೆಗಳನ್ನು ಬೇರೆ ಮಾಡಬೇಕು. ಒಬ್ಬರನ್ನು ನಂಬುವುದು ಒಂದು, ಒಂದು ಹೇಳಿಕೆಯನ್ನು ನಂಬುವುದು ಇನ್ನೊಂದು. ದೇವರ ಮೇಲೆ ಭಾರ ಹಾಕಿ ಬದುಕುವವನಿಗೆ, ಯೇಸು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಎನ್ನುವ ಕ್ಯಾಲ್ಸೆಡನ್ ಸಭೆಯ ಸೂತ್ರ ಗೊತ್ತಿರಬೇಕಿಲ್ಲ, ಆ ಭರವಸೆಗೆ ಸಾಬೀತು ಕೇಳುವುದೂ ಅಪ್ರಸ್ತುತ. ವೈದ್ಯರನ್ನು ನಂಬುವ ರೋಗಿ ಔಷಧಶಾಸ್ತ್ರ ಓದಿರುವುದಿಲ್ಲ. ಆದರೆ ಅದೇ ವಿಶ್ವಾಸಿ ‘ದೇವರು ಹೀಗಿದ್ದಾನೆ, ಹೀಗಲ್ಲ, ಈ ವಚನಕ್ಕೆ ಈ ಅರ್ಥ, ಇದನ್ನು ಒಪ್ಪದವನು ಕ್ರೈಸ್ತನಲ್ಲ’ ಎಂದು ಹೇಳತೊಡಗಿದ ಕ್ಷಣ ಅವನು ಹೇಳಿಕೆಗಳ ಲೋಕಕ್ಕೆ ಬಂದ. ಅಲ್ಲಿ ಭರವಸೆಯ ಆಳ ಹೇಳಿಕೆಯ ಸತ್ಯಕ್ಕೆ ಪ್ರಮಾಣವಾಗದು. ಕಟ್ಟಾ ಏರಿಯನ್ ವಿಶ್ವಾಸಿಯ ಭರವಸೆಯೂ ಅಷ್ಟೇ ಆಳವಾಗಿತ್ತು.

ಹಾಗೆಂದು ವಿಚಾರವಾದಿಗಳಿಗೆ ಈ ವಾದದಿಂದ ಸುಲಭದ ಗೆಲುವು ಸಿಗುವುದಿಲ್ಲ. ತರ್ಕದಿಂದ ಕ್ರೈಸ್ತ ಮತ ಸುಳ್ಳೆಂದು ತೋರಿಸಿಬಿಟ್ಟೆವು ಎನ್ನುವವರು ತರ್ಕದ ಕೈಲಾಗದ್ದನ್ನು ಅದರ ಕೈಗೆ ಕೊಡುತ್ತಾರೆ. ತರ್ಕ ಹೇಳಿಕೆಗಳ ನಡುವಿನ ಸಂಬಂಧ ಹೇಳುತ್ತದೆ, ಮೊದಲ ಹೇಳಿಕೆಗಳನ್ನು ತಾನೇ ಹುಟ್ಟಿಸುವುದಿಲ್ಲ. ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳ ಬಗ್ಗೆ ಬರೆದದ್ದು ಸಾಕ್ಷ್ಯದ ತೂಕದ ವಾದ. ಪವಾಡ ಸ್ವವಿರೋಧಿ ಎಂದು ಅವನು ಸಾಧಿಸಲಿಲ್ಲ, ಸಾಧಿಸಲು ಹೊರಡಲೂ ಇಲ್ಲ. ಥಾಮಸ್ ಅಕ್ವಿನಾಸ್ ಹದಿಮೂರನೆಯ ಶತಮಾನದಲ್ಲೇ ಈ ಗಡಿಯನ್ನು ಚೊಕ್ಕವಾಗಿ ಎಳೆದಿದ್ದ: ತ್ರಿಯೇಕತ್ವವನ್ನು ಬುದ್ಧಿಯಿಂದ ಸಾಧಿಸಲಾಗದು, ದುರ್ಬಲ ಸಾಧನೆಗಳನ್ನು ಮುಂದಿಟ್ಟರೆ ನಂಬದವರ ಅಪಹಾಸ್ಯಕ್ಕೆ ಗುರಿಯಾಗುತ್ತೇವೆ, ಆದರೆ ಅದರ ವಿರುದ್ಧ ತಂದ ವಾದಗಳಿಗೆ ಉತ್ತರ ಕೊಡಲು ಸಾಧ್ಯ, ಕೊಡಬೇಕು. ಇದರ ಎರಡನೆಯ ಭಾಗವನ್ನು ಇಂದಿನ ‘ನಂಬಿಕೆ ಮಾತ್ರ’ ಪಂಥದವರು ಸದ್ದಿಲ್ಲದೆ ಬಿಟ್ಟಿದ್ದಾರೆ.

ಹಾಗಾದರೆ ಉತ್ತರ ಕೊಡಲಾಗಿದೆಯೇ? ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು, ಇವರಲ್ಲಿ ಯಾರೂ ಮತ್ತೊಬ್ಬರಲ್ಲ, ದೇವರು ಒಬ್ಬನೇ. ಈ ಹೇಳಿಕೆಗಳನ್ನು ಒಟ್ಟಿಗೆ ನಿಲ್ಲಿಸಲು ನಾಲ್ಕನೆಯ ಶತಮಾನದ ಕೊನೆಗೆ ನಿಸ್ಸಾದ ಗ್ರೆಗೊರಿ ಯತ್ನಿಸಿದ. ಪೇತ್ರ, ಯಾಕೋಬ, ಯೋಹಾನ ಮೂವರು ಮನುಷ್ಯರಾದರೆ ಇವರು ಮೂವರು ದೇವರುಗಳೇಕಲ್ಲ ಎಂದು ತಾನೇ ಪ್ರಶ್ನೆ ಹಾಕಿಕೊಂಡು, ಮನುಷ್ಯತ್ವ ಒಂದೇ ಆದ್ದರಿಂದ ಮೂವರು ಮನುಷ್ಯರು ಎನ್ನುವುದೇ ಸಡಿಲ ಮಾತು ಎಂದ. ಇದು ನನಗೆ ನುಂಗಲಾಗದ ಉತ್ತರ. ಮನುಷ್ಯರು ಬೇರೆ ಬೇರೆಯಾಗಿ ಕೆಲಸ ಮಾಡುತ್ತಾರೆ, ದೇವರ ಪ್ರತಿಯೊಂದು ಕ್ರಿಯೆಯೂ ತಂದೆಯಿಂದ ಹೊರಟು ಮಗನ ಮೂಲಕ ಸಾಗಿ ಪವಿತ್ರಾತ್ಮನಲ್ಲಿ ಪೂರ್ಣವಾಗುವ ಒಂದೇ ಕ್ರಿಯೆ ಎಂಬ ಅವನ ಎರಡನೆಯ ಉತ್ತರ ಮೇಲು, ಆದರೂ ಅದು ಕ್ರಿಯೆಯ ಏಕತೆಯನ್ನು ಕೊಡುತ್ತದೆಯೇ ಹೊರತು ದೇವರು ಒಬ್ಬನೇ ಎಂಬುದನ್ನಲ್ಲ. ಇಪ್ಪತ್ತನೆಯ ಶತಮಾನದಲ್ಲಿ ತತ್ವಜ್ಞಾನಿ ಪೀಟರ್ ಗೀಚ್, ಇದು ಅದೇ ಎಂದು ಬರಿದಾಗಿ ಹೇಳುವುದಕ್ಕೆ ಅರ್ಥವಿಲ್ಲ, ಅದೇ ಏನು ಎಂದು ಹೇಳಬೇಕು ಎಂದು ವಾದಿಸಿದ. ಆಗ ತಂದೆಯೂ ಮಗನೂ ಅದೇ ದೇವರು, ಅದೇ ವ್ಯಕ್ತಿಯಲ್ಲ ಎನ್ನುವುದರಲ್ಲಿ ವಿರೋಧವಿರುವುದಿಲ್ಲ. ಈ ಉತ್ತರ ನಿಲ್ಲುತ್ತದೆ, ಆದರೆ ಬೆಲೆ ದೊಡ್ಡದು: ಎರಡು ಹೆಸರುಗಳು ಒಂದನ್ನೇ ಸೂಚಿಸಿದರೆ ಒಂದರ ಬಗ್ಗೆ ನಿಜವಾದದ್ದೆಲ್ಲ ಇನ್ನೊಂದರ ಬಗ್ಗೆಯೂ ನಿಜ ಎಂಬ, ನಾವು ದಿನವೂ ನೆಚ್ಚಿಕೊಂಡ ನಿಯಮವನ್ನು ಸಡಿಲಿಸಬೇಕು. ಆ ಬೆಲೆ ತೆರಬಹುದೇ ಎಂಬುದರ ಬಗ್ಗೆ ಕ್ರೈಸ್ತ ತತ್ವಜ್ಞಾನಿಗಳಲ್ಲೇ ಒಮ್ಮತವಿಲ್ಲ. ಸಿದ್ಧಾಂತ ವಿರೋಧದಿಂದ ಕೂಡಿದೆ ಎಂದು ಯಾರೂ ಕಡೆಗಣಿಸಲಾಗದಂತೆ ಸಾಧಿಸಿಲ್ಲ. ವಿರೋಧವಿಲ್ಲ ಎಂದು ಎಲ್ಲರೂ ಒಪ್ಪುವಂತೆಯೂ ಯಾರೂ ತೋರಿಸಿಲ್ಲ. ಚರ್ಚೆ ಸದ್ಯಕ್ಕೆ ನಿಂತಿರುವುದು ಇಲ್ಲಿ, ಮತ್ತು ಮುಂದಿನ ಹೆಜ್ಜೆ ಗೀಚ್ ಸಡಿಲಿಸಿದ ಆ ನಿಯಮದ ಮೇಲೆ ಬೀಳಬೇಕಾಗಿದೆ.